ಬೆರಳೇ ಮೀಟರು ಎಂದವರು

ಸರ್ ತೀರಿಹೋದರೆಂಬ ಸುದ್ದಿ ಬಂದಾಗ ನಾನು ಆಪರೇಷನ್ ಥಿಯೇಟರಿನಲ್ಲಿ ಒಬ್ಬ ಬ್ಯಾಂಕ್ ಮ್ಯಾನೇಜರರ ಬಾಯೊಳಗೆ ಎರಡು ಬೆರಳು ಇಟ್ಟುಕೊಂಡು ನಿಂತಿದ್ದೆ. ಅರಿವಳಿಕೆ ಕೊಡುವವನ ಬದುಕೇ ಹಾಗೆ. ಒಳ್ಳೆಯದಿರಲಿ ಕೆಟ್ಟದ್ದಿರಲಿ, ಎಲ್ಲ ಸುದ್ದಿಗಳೂ ಬೇರೆಯವರ ಬಾಯಿಯ ಪಕ್ಕದಲ್ಲಿ ನಿಂತಿರುವಾಗಲೇ ಬರುತ್ತವೆ. ಸಂಜೆಯ ಹೊತ್ತಿಗೆ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಮುಗಿದ ಕೈಗಳು ಸಾಲುಗಟ್ಟಿದ್ದವು. ದೇವರಂಥ ಮನುಷ್ಯ ಎಂದು ಒಬ್ಬ ಬರೆದ. ಇಂಥ ಗುರು ಇನ್ನು ಸಿಗಲ್ಲ ಎಂದು ಇನ್ನೊಬ್ಬ. ಈ ಇನ್ನೊಬ್ಬ ಅವರ ಪಾಠದಲ್ಲಿ ಕಣ್ಣು ತೆರೆದು ಕೂತದ್ದನ್ನು ನಾನಂತೂ ನೋಡಿಲ್ಲ. ಕೊನೆಗೆ ಯಾರೋ ನನ್ನ ಹೆಸರು ಹಿಡಿದು ಕೇಳಿದರು: ಅವರ ಪ್ರೀತಿಯ ಶಿಷ್ಯ ನೀನೇ ಅಲ್ವಾ ಮಗಾ, ನಾಲ್ಕು ಮಾತು ಬರಿ. ಬರೆಯುತ್ತಿದ್ದೇನೆ. ಮುಗಿದ ಕೈಗಳ ನಡುವೆ ಹಾಕುವಂಥದ್ದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ವೈಟ್‌ಫೀಲ್ಡಿನಿಂದ ಸರ್ಜಾಪುರದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಆಸ್ಪತ್ರೆ ಇತ್ತು. ಮುಂದುಗಡೆ ನೀಲಿ ಗಾಜು, ಹಿಂದುಗಡೆ ಜನರೇಟರು, ಅದರಾಚೆ ಯಾರದೋ ರಾಗಿ ಹೊಲ. ಹೊಲದ ಯಜಮಾನರು, ಆ ಯಜಮಾನರ ಹಳೆಯ ಹೊಲದಲ್ಲಿ ಎದ್ದ ಅಪಾರ್ಟ್‌ಮೆಂಟಿನ ಎಂಜಿನಿಯರು, ಅದನ್ನು ಕಟ್ಟಲು ರಾಯಚೂರಿನಿಂದ ಬಂದ ಗಾರೆಯವನು, ಮೂವರೂ ಹರ್ನಿಯಾ ಎಂಬ ಒಂದೇ ಕಾರಣಕ್ಕೆ ನಮ್ಮಲ್ಲಿ ಅಕ್ಕಪಕ್ಕ ಮಲಗುತ್ತಿದ್ದರು. ಅವರನ್ನು ನಿದ್ದೆ ಮಾಡಿಸುವುದು ಸರ್ ಕೆಲಸ. ನಿದ್ದೆ ಮಾಡಿಸುವುದನ್ನು ಅವರಿಂದ ಕಲಿಯಲು ಬಂದ ಸ್ನಾತಕೋತ್ತರ ವಿದ್ಯಾರ್ಥಿ ನಾನು.

ನೋಡಲಿಕ್ಕೆ ಸರ್ ದೊಡ್ಡ ಆಳಲ್ಲ. ಗುಂಡಗೆ, ಕುಳ್ಳಗೆ, ಥಿಯೇಟರಿನ ಹಸಿರು ಟೋಪಿಯನ್ನು ಕಿವಿ ಮುಚ್ಚುವ ತನಕ ಎಳೆದುಕೊಂಡರೆ ದೂರದಿಂದ ಎಲೆಕೋಸಿನಂತೆ ಕಾಣುತ್ತಿದ್ದರು. ಕನ್ನಡಕ ಮಂಜಾದರೆ ಹತ್ತಿರ ನಿಂತವರ ಏಪ್ರನ್ನಿನ ಅಂಚು ಎಳೆದು ಒರೆಸಿಕೊಳ್ಳುವರು. ಹತ್ತಿರ ನಿಂತವನು ಸಾಮಾನ್ಯವಾಗಿ ನಾನು. ಮಾತು ಮೂಗಿನಲ್ಲಿ ಹುಟ್ಟಿ ಬಾಯಿಗೆ ಬರುವಷ್ಟರಲ್ಲಿ ಅರ್ಧ ಖರ್ಚಾಗಿರುತ್ತಿತ್ತು. ಸೇರಿದ ವಾರದಲ್ಲೇ ನಾನದನ್ನು ಕಲಿತುಕೊಂಡೆ.

ಕಲಿತದ್ದನ್ನು ಬಚ್ಚಿಡುವ ಅಭ್ಯಾಸ ನನಗಿಲ್ಲ. ಕಾಫಿ ಕುಡಿಯುವ ಕೋಣೆಯಲ್ಲಿ ಒಂದು ದಿನ ನರ್ಸುಗಳಿಗೆ ಸರ್ ಧ್ವನಿಯಲ್ಲಿ ಪಾಠ ಮಾಡುತ್ತಿದ್ದೆ. ಎದುರಿಗಿದ್ದವರ ನಗು ಒಮ್ಮೆಲೇ ನಿಂತಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಎಲೆಕೋಸು. ಆವತ್ತೇ ಗಂಟುಮೂಟೆ ಕಟ್ಟಬೇಕಾಗುತ್ತದೆ ಅಂದುಕೊಂಡೆ. ಅವರು ಬಂದು ತಮ್ಮ ಲೋಟ ತೆಗೆದುಕೊಂಡು, ‘ಮೂಗಲ್ಲಿ ಇನ್ನೂ ಸ್ವಲ್ಪ ಬೇಕು ಕಣೋ, ನನಗೆ ಸೈನಸ್ ಇದೆ,’ ಎಂದರು. ಹೊರಡುವಾಗ ನಿಂತು, ‘ನಿನ್ನ ಥೀಸಿಸ್‌ಗೆ ವಿಷಯ ಸಿಕ್ತು. ಬಾ,’ ಎಂದರು.

ವಿಷಯವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ದೊಡ್ಡ ಆಪರೇಷನ್ನಿಗೆ ರೋಗಿಯ ಶ್ವಾಸನಾಳದೊಳಕ್ಕೇ ಒಂದು ಕೊಳವೆ ಇಳಿಸುತ್ತೇವೆ. ಸಣ್ಣಪುಟ್ಟದ್ದಕ್ಕೆ ಅಷ್ಟು ಒಳಗೆ ಹೋಗುವ ಅಗತ್ಯವಿಲ್ಲ. ಧ್ವನಿಪೆಟ್ಟಿಗೆಯ ಮೇಲೆ ಒಂದು ಪುಟ್ಟ ಮಾಸ್ಕನ್ನು ಮುಚ್ಚಳದ ಹಾಗೆ ಕೂರಿಸಿದರೆ ಸಾಕು, ಉಸಿರು ಅದರ ಮೂಲಕ ಓಡಾಡುತ್ತದೆ. ಇದರಲ್ಲಿ ಹಳೆಯದೊಂದಿದೆ, ಸುತ್ತಲೂ ರಬ್ಬರಿನ ಅಂಚು, ಕೂರಿಸಿದ ಮೇಲೆ ಅಂಚಿಗೆ ಸಿರಿಂಜಿನಿಂದ ಗಾಳಿ ತುಂಬಬೇಕು. ಆಗಷ್ಟೇ ನಮ್ಮಲ್ಲಿ ಬಳಕೆಗೆ ಬಂದಿದ್ದ ಹೊಸದಕ್ಕೆ ಗಾಳಿಯ ಗೊಡವೆಯಿಲ್ಲ; ಅಂಚು ಮೆತ್ತನೆಯ ಜೆಲ್ಲಿನದು, ತಾನೇ ಗಂಟಲಿನ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ. ಎರಡರಲ್ಲಿ ಯಾವುದು ಚೆನ್ನಾಗಿ ಕೂರುತ್ತದೆ, ಯಾವುದರಿಂದ ಗಾಳಿ ಸೋರುತ್ತದೆ, ಎದ್ದ ಮೇಲೆ ಯಾರ ಗಂಟಲು ಕೆಟ್ಟಿರುತ್ತದೆ, ಇದನ್ನು ಹೋಲಿಸಿ ನೋಡುವುದು ನನ್ನ ಕೆಲಸ. ಆ ಕಾಲದಲ್ಲಿ ನಮ್ಮ ದೇಶದ ಅರ್ಧಕ್ಕರ್ಧ ಅರಿವಳಿಕೆ ವಿದ್ಯಾರ್ಥಿಗಳು ಇದನ್ನೇ ಹೋಲಿಸುತ್ತಿದ್ದರು ಅನ್ನಿಸುತ್ತದೆ. ಮದುವೆಗೆ ಹೆಣ್ಣು ನೋಡುವವರೂ ಇಷ್ಟು ಹೋಲಿಸಿರಲಾರರು.

ಎಲ್ಲರದ್ದಕ್ಕಿಂತ ನನ್ನದು ಬೇರೆಯಾದದ್ದು ಸರ್ ತಲೆಯಿಂದ. ಗಂಟಲು ನೋವಿದೆಯಾ ಎಂದು ಕೇಳಿದರೆ ನಮ್ಮ ರೋಗಿಗಳಿಂದ ಸತ್ಯ ಬರುವುದಿಲ್ಲ ಎನ್ನುವುದು ಅವರ ವಾದ. ರಾಯಚೂರಿನ ಗಾರೆಯವನು ತುಕ್ಕು ಹಿಡಿದ ಗೇಟಿನ ಧ್ವನಿಯಲ್ಲಿ, ‘ಏನಿಲ್ರೀ ಸರ, ಆರಾಮದೀನ್ರಿ,’ ಎನ್ನುತ್ತಾನೆ. ಡಾಕ್ಟರ ಮುಂದೆ ನೋವು ಹೇಳುವುದು ಅವನಿಗೆ ಮರ್ಯಾದೆಯಲ್ಲ. ಬ್ರೂಕ್‌ಫೀಲ್ಡಿನ ಎಂಜಿನಿಯರು ಕೋಗಿಲೆಯಂತೆ ಮಾತಾಡುತ್ತ, ಗಂಟಲಿನಲ್ಲಿ ಮೂರು ಬಗೆಯ ತೊಂದರೆಯಿದೆ ಎಂದು ಇಂಟರ್ನೆಟ್ ನೋಡಿಕೊಂಡು ಬಂದು ಹೇಳುತ್ತಾನೆ. ‘ಅವರನ್ನ ಕೇಳ್ಬೇಡ, ಅವರ ಧ್ವನಿ ಕೇಳು,’ ಎಂದರು ಸರ್. ಹಿಂದಿನ ದಿನ ಹೋಗಿ ಪ್ರತಿಯೊಬ್ಬರ ಮಾತನ್ನೂ ಹಿಡಿದುಕೊಂಡು ಬರಬೇಕು, ಆಪರೇಷನ್ ಆದಮೇಲೆ ಮತ್ತೆ ಕೇಳಿ ಎಷ್ಟು ಕೆಟ್ಟಿದೆ ಎಂದು ಹೇಳಬೇಕು. ಅಳೆಯುವ ಯಂತ್ರ ನನ್ನ ಕಿವಿ. ಮನೆಯಲ್ಲಿ ಚಿಕ್ಕಂದಿನಿಂದ ಏಟು ತಿನ್ನಿಸಿದ ಮಿಮಿಕ್ರಿ ವಿದ್ಯೆಗೆ ಒಬ್ಬರು ಕೆಲಸ ಕೊಟ್ಟರು. ನಾನು ಅವರಿಗೆ ಅಂಟಿಕೊಂಡದ್ದು ಇದಕ್ಕೆ. ಇದನ್ನು ಮರೆತು ಮುಂದಿನದನ್ನು ಓದಬೇಡಿ.

ಅಂಟಿಕೊಳ್ಳಲು ಬೇರೆ ಕಾರಣಗಳೂ ಇದ್ದವು. ನಿದ್ದೆಯ ಔಷಧಿ ಕೊಡುವಾಗ ಎಲ್ಲರೂ ಒಂದು ಎರಡು ಎಣಿಸಿ ಎನ್ನುತ್ತಾರೆ. ಸರ್ ರೋಗಿಯ ತಲೆಯ ಹತ್ತಿರ ಸ್ಟೂಲಿನ ಮೇಲೆ ಕೂತು, ಹಣೆಯ ಮೇಲೆ ಅಂಗೈ ಇಟ್ಟು, ‘ನಿಮ್ಮನೆಗೆ ದಾರಿ ಹೇಳಿ,’ ಎನ್ನುವರು. ಎಂಥ ಹೆದರಿದವರೂ ದಾರಿ ಹೇಳಲು ಶುರು ಮಾಡಿದರೆ ಗಂಭೀರರಾಗುತ್ತಾರೆ. ಸರ್ಜಾಪುರ ಸರ್ಕಲ್‌ನಿಂದ ಬಲಕ್ಕೆ ತಗೊಳ್ಳಿ ಸಾರ್, ನೀರಿನ ಟ್ಯಾಂಕ್ ಸಿಗುತ್ತೆ, ಅದಾದಮೇಲೆ ಬೇಕರಿ, ಬೇಕರಿ ಪಕ್ಕ... ಅಷ್ಟರಲ್ಲಿ ಕಣ್ಣು ಮುಚ್ಚಿರುತ್ತಿತ್ತು. ಆಪರೇಷನ್ ಮುಗಿದು ಎಚ್ಚರವಾಗುವಾಗ ಅದೇ ಸ್ಟೂಲಿನಲ್ಲಿ ಅದೇ ಅಂಗೈ ಇಟ್ಟುಕೊಂಡು ಕೇಳುವರು, ‘ಬೇಕರಿ ಪಕ್ಕ?’ ‘ಎಡಕ್ಕೆ ಸಾರ್, ಹಸಿರು ಗೇಟು.’ ಆಗ ಸರ್ ನಮ್ಮ ಕಡೆ ತಿರುಗಿ, ‘ಮನೆ ಮುಟ್ಟಿದ್ರು, ವಾರ್ಡಿಗೆ ಕಳಿಸಿ,’ ಎನ್ನುವರು. ಅತ್ತಿಬೆಲೆಯಿಂದ ಹೊಸಕೋಟೆವರೆಗೆ ಅವರಿಗೆ ಗೊತ್ತಿಲ್ಲದ ಓಣಿ ಇರಲಿಲ್ಲ, ಕಣ್ಣಾರೆ ಕಂಡ ಓಣಿಯೂ ಹೆಚ್ಚೇನಿರಲಿಲ್ಲ.

ಇನ್ನೊಂದು ಹಲ್ಲಿನ ಕತೆ. ಅತ್ತಿಬೆಲೆಯ ಕಡೆಯ ಗೌಡರೊಬ್ಬರು, ಕಾರ್ಖಾನೆ ಹುಡುಗರಿಗೆ ರೂಮುಗಳನ್ನು ಬಾಡಿಗೆಗೆ ಕೊಟ್ಟವರು, ಪಿತ್ತಕೋಶದ ಆಪರೇಷನ್ನಿಗೆ ಬಂದಿದ್ದರು. ಕೊಳವೆ ಇಳಿಸುವಾಗ ಸರ್ ಹಿಡಿದಿದ್ದ ಉಕ್ಕಿನ ಉಪಕರಣ ತಗುಲಿ ಅವರ ಮುಂದಿನ ಹಲ್ಲೊಂದು ಮುರಿದು ಬಂತು. ಗೌಡರಿಗೆ ಎಚ್ಚರವಾಗಿ ಕನ್ನಡಿ ಕೇಳುವ ಮುಂಚೆ ಸರ್ ಹಲ್ಲನ್ನು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದರು. ಹಿಂದೆ ನಾನು.

‘ಗೌಡ್ರೇ, ನಿಮ್ಮ ಹಲ್ಲು ಮುರಿದುಬಿಟ್ಟೆ.’

‘ಅದು ಮೊದ್ಲೇ ಅಲ್ಲಾಡ್ತಿತ್ತು ಬುಡಿ ಸಾ.’

‘ಅಲ್ಲಾಡ್ತಿತ್ತು. ಮುರಿದಿದ್ದು ನಾನೇ.’

ಗೌಡರು ಹಲ್ಲನ್ನು ನೋಡಿ, ಸರ್ ಮುಖ ನೋಡಿ, ಜೋರಾಗಿ ನಕ್ಕುಬಿಟ್ಟರು. ಆ ನಗುವಿನಲ್ಲಿ ಹೊಸ ಕಿಂಡಿ ಚೆನ್ನಾಗಿ ಕಾಣುತ್ತಿತ್ತು. ಹೊರಗೆ ಬಂದ ಮೇಲೆ ಸರ್ ಹೇಳಿದ ಮಾತು ಇದು: ‘ನಮ್ಮ ಕೈಯಿಂದ ಏನಾದ್ರೂ ಆದ್ರೆ ಅವರು ಕೇಳೋಕೆ ಮುಂಚೆ ನಾವು ಹೇಳ್ಬೇಕು. ಅವರು ಮಲಗಿದ್ದಾಗ ನಡೆದಿದ್ದು ಅವರಿಗೆ ಹೇಗೆ ಗೊತ್ತಾಗ್ಬೇಕು? ನೋಡಿದವರು ನಾವೇ ತಾನೆ.’ ನಾನು ಅದನ್ನು ಹಾಸ್ಟೆಲಿನಲ್ಲಿ ಅವರದೇ ಮೂಗಿನಲ್ಲಿ ಎಷ್ಟು ಸಲ ಹೇಳಿದೆನೆಂದರೆ, ಕೊನೆಗೆ ಅದು ನನ್ನ ನಂಬಿಕೆಯೇ ಆಯಿತು. ಮಿಮಿಕ್ರಿಯವರಿಗೆ ಇರುವ ಕಾಯಿಲೆ ಇದು, ಆಡಿದ ಮಾತು ಒಳಗಿಳಿದುಬಿಡುತ್ತದೆ.

ಅವರ ಒಂದು ಜಂಬವನ್ನೂ ಹೇಳಬೇಕು. ಹಳೆಯ ಮಾಸ್ಕಿಗೆ ತುಂಬಿದ ಗಾಳಿ ಹೆಚ್ಚಾದರೆ ಗಂಟಲೊಳಗಿನ ನರಗಳನ್ನು ಒತ್ತುತ್ತದೆ. ಒಳಗೆಷ್ಟು ಬಿಗಿಯಿದೆ ಎಂದು ತಿಳಿಯಲು ಬಾಯಿಯ ಹೊರಗೆ ಹೆಬ್ಬೆರಳಿನಷ್ಟು ಗಾತ್ರದ ಬಲೂನೊಂದು ನೇತಾಡುತ್ತಿರುತ್ತದೆ. ಅದಕ್ಕೆ ಮೀಟರ್ ಸಿಕ್ಕಿಸಿದರೆ ಮುಳ್ಳು ತಿರುಗಿ ಹೇಳುತ್ತದೆ. ಸರ್‌ಗೆ ಮೀಟರ್ ಬೇಕಿರಲಿಲ್ಲ. ಮಾವಿನಹಣ್ಣು ಕೊಳ್ಳುವವರಂತೆ ಬಲೂನನ್ನು ಎರಡು ಬೆರಳಿನಲ್ಲಿ ಒತ್ತಿ, ಕಣ್ಣು ಮುಚ್ಚಿ, ಇಷ್ಟು ಎನ್ನುವರು. ನಾವು ಮೀಟರ್ ಹಾಕಿ ನೋಡಿದರೆ ಅಷ್ಟೇ ಇರುತ್ತಿತ್ತು. ‘ಬೆರಳೇ ಮೀಟರು ಕಣ್ರಯ್ಯಾ,’ ಎಂದು ಎರಡು ಬೆರಳೆತ್ತಿ ತೋರಿಸುವರು. ಆ ಬೆರಳಿಗೆ ನಾವೆಲ್ಲ ಕೈ ಮುಗಿಯುತ್ತಿದ್ದೆವು. ತಮಾಷೆಗೆ ಶುರುವಾದ ಮುಗಿಯುವಿಕೆ, ಬರಬರುತ್ತ ಅದರಲ್ಲಿ ತಮಾಷೆ ಕಡಿಮೆಯಾಯಿತು.

ಅವರ ಮೇಲೆ ಇಷ್ಟು ನಂಬಿಕೆ ಇದ್ದ ದಿನಗಳಲ್ಲೇ ಸೊಪ್ಪಿನಕ್ಕ ಬಂದದ್ದು.

ಸರ್ಜಾಪುರದ ಆಚೆಯ ಹಳ್ಳಿಯವರು. ಬೆಳಿಗ್ಗೆ ಗಂಡ ಮೊಪೆಡ್ಡಿನಲ್ಲಿ ಸೊಪ್ಪು ತಂದು ಇಳಿಸಿದರೆ, ಅಕ್ಕ ಗಾಡಿ ತಳ್ಳಿಕೊಂಡು ಬ್ರೂಕ್‌ಫೀಲ್ಡಿನ ಓಣಿಗಳಲ್ಲಿ ಕೂಗುತ್ತ ಮಾರುವರು. ಒಂದು ದಿನ ಗಂಡನ ಹಿಂದೆ ಕೂತು ಬರುವಾಗ ಮೊಪೆಡ್ ಜಾರಿ, ಅಕ್ಕ ಬಿದ್ದು ಮೊಣಕೈ ಮುರಿದುಕೊಂಡರು. ಆಪರೇಷನ್ನಿನ ಹಿಂದಿನ ದಿನ ನಾನು ಎಂದಿನಂತೆ ಧ್ವನಿ ಹಿಡಿಯಲು ಹೋದೆ. ಏನಾದರೂ ಮಾತಾಡಿ ಅಕ್ಕಾ ಅಂದರೆ, ಏನ್ ಮಾತಾಡಾದು ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಸೊಪ್ಪು ಕೂಗಿ ಅಂದೆ. ಆಸ್ಪತ್ರೆಯಲ್ಲಿ ಕೂಗಿದರೆ ಬೈಯಲ್ವಾ ಎಂದು ಒಂದು ಸಲ ಬಾಗಿಲ ಕಡೆ ನೋಡಿ, ಶುರು ಮಾಡಿದರು: ದಂಟೂ, ಮೆಂತ್ಯಾ, ಸಬ್ಬಸ್ಗೇ. ಮೊದಲನೆಯದು ನೆಲದಲ್ಲಿ, ಎರಡನೆಯದು ಮೇಲಕ್ಕೆ, ಮೂರನೆಯದು ಮೂರನೇ ಮಹಡಿಯ ಅಡುಗೆಮನೆಯ ಕಿಟಕಿಗೆ. ಆಚೆ ತುದಿಯಿಂದ ನರ್ಸೊಬ್ಬಳು ಓಡಿಬಂದು, ಮೆಂತ್ಯ ಇದೆಯಾ ಎಂದು ಕೇಳಿದಳು. ಆ ಧ್ವನಿಯನ್ನು ಹಿಡಿಯುವುದಕ್ಕೆ ನನಗೆ ಸಂಜೆಯಿಡೀ ಬೇಕಾಯಿತು.

ಆಪರೇಷನ್ ದಿನ, ಯಾರಿಗೆ ಯಾವ ಮಾಸ್ಕ್ ಎಂದು ಚೀಟಿ ಎತ್ತಿದಾಗ ಅವರ ಪಾಲಿಗೆ ಹಳೆಯ ಗಾಳಿ ಮಾಸ್ಕ್ ಬಂತು. ಸರ್ ಅವರೇ ಕೂರಿಸಿದರು. ಅಂಚಿನಲ್ಲಿ ಸ್ವಲ್ಪ ಸೋರುತ್ತಿತ್ತು. ಒಂದು ಅಳತೆ ದೊಡ್ಡದನ್ನು ಹಾಕಿದ್ದರೆ ಸರಿಹೋಗುತ್ತಿತ್ತು. ಅವರು ಇನ್ನಷ್ಟು ಗಾಳಿ ತುಂಬಿದರು. ಸೋರುವುದು ನಿಂತಿತು. ಅಷ್ಟರಲ್ಲಿ ಹೆರಿಗೆ ಕಡೆಯಿಂದ ತುರ್ತಾಗಿ ಕರೆ ಬಂತು. ಹೊರಡುವ ಮುಂಚೆ ನಾನು ಟ್ರಾಲಿಯ ಮೇಲಿದ್ದ ಮೀಟರ್ ಎತ್ತಿ ಅವರ ಕಡೆ ಚಾಚಿದೆ. ಸರ್ ಎರಡು ಬೆರಳು ತೋರಿಸಿದರು. ಎಲ್ಲರೂ ನಕ್ಕೆವು. ನಾನು ಹೋದೆ.

ಮೂಳೆ ಹೇಳಿದ ಮಾತು ಕೇಳದೆ ಆಪರೇಷನ್ ಉದ್ದವಾಯಿತು. ನಾನು ತಾಯಿ ಮಗು ಎರಡನ್ನೂ ನೋಡಿ ವಾಪಸ್ ಬಂದಾಗ ಸರ್ ಸ್ಟೂಲಿನ ಮೇಲೆ ಕೂತು ಮೂಳೆ ಡಾಕ್ಟರ ಜೊತೆ ಮಾತಾಡುತ್ತಿದ್ದರು. ಥೀಸಿಸ್ಸಿಗೆ ಬೇಕಲ್ಲ ಎಂದು ನಾನು ಮೀಟರ್ ಸಿಕ್ಕಿಸಿದೆ. ಮುಳ್ಳು ಹಸಿರು ಪಟ್ಟಿ ದಾಟಿ, ಕೆಂಪನ್ನೂ ದಾಟಿ, ಇನ್ನು ಹೋಗಲು ಜಾಗವಿಲ್ಲದೆ ಕೊನೆಗೆ ಬಡಿದು ನಿಂತಿತು. ನಿದ್ದೆಗೆ ಕೊಡುವ ನೈಟ್ರಸ್ ಅನಿಲ ಮೆಲ್ಲಗೆ ಆ ರಬ್ಬರಿನೊಳಗೆ ನುಸುಳಿ ಅದನ್ನು ಉಬ್ಬಿಸುತ್ತದೆ, ಆದ್ದರಿಂದ ಆಗಾಗ ಅಳೆದು ಗಾಳಿ ಬಿಡಬೇಕು. ನನಗೆ ಇದನ್ನು ಹೇಳಿಕೊಟ್ಟವರೂ ಅವರೇ. ಸರ್ ಮುಳ್ಳನ್ನು ನೋಡಿದರು. ನಾನು ಮುಳ್ಳನ್ನು ನೋಡಿದ್ದನ್ನೂ ನೋಡಿದರು. ಸಿರಿಂಜು ತೆಗೆದುಕೊಂಡು ಗಾಳಿ ಎಳೆದರು. ಬಲೂನು ಮೆತ್ತಗಾಯಿತು. ಕನ್ನಡಕ ಒರೆಸಲು ಆವತ್ತು ನನ್ನ ಏಪ್ರನ್ ಎಳೆಯಲಿಲ್ಲ.

ಮಾರನೆಯ ಬೆಳಿಗ್ಗೆ ವಾರ್ಡಿಗೆ ಹೋಗುವಾಗ ನಾನು ಗೌಡರ ಹಲ್ಲಿನ ದಿನದಂತೆ ಒಂದು ಹೆಜ್ಜೆ ಹಿಂದೆ ನಡೆದೆ. ಸರ್ ಹೇಳುವುದನ್ನು ಕೇಳಲಿಕ್ಕೆಂದೇ ಹೋಗುತ್ತಿದ್ದೆ ಎಂದರೂ ಸರಿ. ಸೊಪ್ಪಿನಕ್ಕನ ಕೈಗೆ ಪಟ್ಟಿ ಸುತ್ತಿತ್ತು. ಬಾಯಿ ತೆರೆದರೆ ಬರೀ ಗಾಳಿ. ಗಂಡ ಎದ್ದು ನಿಂತರು.

‘ಸಾ, ಇವ್ಳ ಗಂಟ್ಲು ಕಟ್ಕಂಡೈತೆ. ಮಾತೇ ಒಂಡ್ತಾ ಇಲ್ಲ.’

‘ಶೀತ ಇತ್ತಾ?’ ಎಂದರು ಸರ್.

‘ಇಲ್ಲ ಸಾ.’

‘ಒಳಗೊಳಗೇ ಇರುತ್ತೆ. ದಿನಾ ಬೀದೀಲಿ ಕೂಗಿ ಕೂಗಿ ಗಂಟಲೂ ಒರಟಾಗಿದೆ.’ ಆಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟರು. ‘ಬೇಕಾದ್ರೆ ಇವನನ್ನ ಕೇಳಿ. ಧ್ವನಿ ವಿಷಯದಲ್ಲಿ ಇವನು ಎಕ್ಸ್‌ಪರ್ಟು. ಮೊದಲೂ ಹೀಗೇ ಇತ್ತಲ್ವೇನೋ?’

ಆ ಕೈ ಇನ್ನೂ ನನ್ನ ಹೆಗಲ ಮೇಲಿದೆ ಅನ್ನಿಸುತ್ತದೆ. ಶೀತ ಎಂದು ಅವರೊಬ್ಬರೇ ಹೇಳಿ ಹೋಗಿದ್ದರೆ ನಾನು ಬೇಜಾರು ಮಾಡಿಕೊಂಡು ಸುಮ್ಮನಾಗುತ್ತಿದ್ದೆನೋ ಏನೋ. ನನ್ನ ಕಿವಿಯನ್ನು ಯಂತ್ರ ಎಂದು ಕರೆದವರು ಅವರು. ಆ ಯಂತ್ರದ ಮುಳ್ಳನ್ನು ಈಗ ತಮ್ಮ ಬೆರಳಿನಿಂದಲೇ ತಿರುಗಿಸುತ್ತಿದ್ದರು. ನನಗೆ ಗೊತ್ತಿದ್ದ ಧ್ವನಿಗಳಲ್ಲಿ ಒಂದೂ ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ. ಸ್ವಂತದ್ದು ಅಂತ ಒಂದಿದೆಯಲ್ಲ, ಅದನ್ನು ನಾನು ಯಾವತ್ತೂ ಅಭ್ಯಾಸ ಮಾಡಿದವನಲ್ಲ. ‘ಇಲ್ಲ’ ಎನ್ನುವ ಮೊದಲನೆಯ ಮಾತು ಸರ್ ಮೂಗಿನಲ್ಲೇ ಬಂತು. ಅವರೇ ಬೆಚ್ಚಿದರು. ಎರಡನೆಯ ಸಲ ನನ್ನದರಲ್ಲಿ ಹೇಳಿದೆ: ‘ಇಲ್ಲ ಸರ್. ಮೊನ್ನೆ ಚೆನ್ನಾಗಿತ್ತು.’

ಸೊಪ್ಪಿನಕ್ಕ ಹಾಸಿಗೆಯಿಂದ ನನ್ನನ್ನೇ ನೋಡುತ್ತಿದ್ದರು. ತುಟಿ ಅಲ್ಲಾಡಿತು. ಎಂಗಿತ್ತು ಅಂತಾವ್ಳೆ ಎಂದರು ಗಂಡ.

ಎಂದೂ ಇಷ್ಟು ಮೆಲ್ಲಗೆ ಮಿಮಿಕ್ರಿ ಮಾಡಿದವನಲ್ಲ ನಾನು. ದಂಟೂ, ಮೆಂತ್ಯಾ, ಸಬ್ಬಸ್ಗೇ. ಮೂರನೆಯದು ಕಿಟಕಿಯ ತನಕ ಹೋಗಲಿಲ್ಲ, ಹಾಸಿಗೆಯ ತನಕ ಹೋಯಿತು. ಆಕೆ ತಲೆಯಾಡಿಸಿದರು, ಹೌದು ಇದೇ ಎನ್ನುವಂತೆ, ಕಳೆದುಹೋದ ಒಡವೆಯ ಗುರುತು ಹೇಳುವವರಂತೆ. ಗಂಡ ಗೋಡೆಯ ಕಡೆ ತಿರುಗಿ ನಿಂತರು.

‘ಮಿಮಿಕ್ರಿ ಚೆನ್ನಾಗಿ ಮಾಡ್ತೀಯ,’ ಎಂದು ಸರ್ ಪಕ್ಕದ ಹಾಸಿಗೆಗೆ ನಡೆದರು.

ಮಧ್ಯಾಹ್ನ ತಮ್ಮ ಕೋಣೆಗೆ ಕರೆದರು. ಬೈಯುತ್ತಾರೆ ಅಂದುಕೊಂಡು ಹೋದೆ. ಬೈದಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಕೂರಿಸಿ, ಕಾಫಿ ತರಿಸಿ, ಮೆಲುವಾಗಿ ಮಾತಾಡಿದರು. ಶೀತ ಇರುವವರನ್ನು ಅಧ್ಯಯನಕ್ಕೆ ಸೇರಿಸಬಾರದು ಎಂದು ನೀನೇ ಅಲ್ಲವೇ ನಿಯಮ ಹಾಕಿಕೊಂಡದ್ದು, ಈಕೆಯನ್ನು ತೆಗೆದುಬಿಡು ಎಂದರು. ಗಂಟಲಿನ ಡಾಕ್ಟರು ಅಷ್ಟರಲ್ಲಿ ದುರ್ಬೀನು ಇಳಿಸಿ ನೋಡಿ, ಒಂದು ಧ್ವನಿತಂತು ಸರಿಯಾಗಿ ಅಲ್ಲಾಡುತ್ತಿಲ್ಲ, ನರಕ್ಕೆ ಒತ್ತಡ ಬಿದ್ದಿದೆ, ತಿಂಗಳುಗಳಲ್ಲಿ ಮರಳಬಹುದು ಎಂದಿದ್ದರು. ವೈರಸ್ಸಿನಿಂದಲೂ ಹಾಗಾಗುತ್ತದೆ, ಪುಸ್ತಕದಲ್ಲಿದೆ ಎಂದರು ಸರ್. ಪುಸ್ತಕದಲ್ಲಿದ್ದದ್ದು ನಿಜ. ಅವರು ಪುಸ್ತಕದ ಹೊರಗೆ ಸುಳ್ಳು ಹೇಳುವವರಲ್ಲ.

‘ಸರ್, ಮೀಟರ್ ನೋಡಿದವರು ನಾವೇ ತಾನೆ,’ ಎಂದೆ.

ಸರ್ ತಮ್ಮ ಕೈಯನ್ನು ನೋಡಿಕೊಂಡರು. ‘ನನ್ನ ಮಾತು, ಮೂಗು, ಎಲ್ಲ ಕಲಿತೆ. ಯಾವಾಗ ಸುಮ್ಮನಿರಬೇಕು ಅನ್ನೋದೊಂದು ಕಲೀಲಿಲ್ಲ ನೀನು.’

ಗೌಡರ ಹಲ್ಲಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಹಲ್ಲು ಮುರಿದದ್ದು ಉಕ್ಕು, ಉಕ್ಕಿನ ಪರವಾಗಿ ಕ್ಷಮೆ ಕೇಳುವುದು ಸುಲಭ. ಇಲ್ಲಿ ತಪ್ಪಿದ್ದು ಆ ಎರಡು ಬೆರಳು. ಅವಕ್ಕೆ ನಾವು ಇಷ್ಟು ದಿನ ಕೈ ಮುಗಿದು, ಅವು ತಪ್ಪಲು ಜಾಗವೇ ಇಲ್ಲದಂತೆ ಮಾಡಿದ್ದೆವು. ಇದು ಅವರ ಪರವಾಗಿ ನಾನು ಹೂಡಬಲ್ಲ ಅತ್ಯುತ್ತಮ ವಾದ. ಹೂಡಿದ ಮೇಲೂ ನನಗೆ ಸಮಾಧಾನವಾಗಿಲ್ಲ.

ನಾನು ಸೊಪ್ಪಿನಕ್ಕನನ್ನು ಅಧ್ಯಯನದಿಂದ ತೆಗೆಯಲಿಲ್ಲ. ಸರ್ ಮತ್ತೆ ಕೇಳಲೂ ಇಲ್ಲ. ಕೊನೆಯಲ್ಲಿ ಥೀಸಿಸ್ ಮುಂದಿಟ್ಟಾಗ ಹಾಳೆ ತಿರುವದೆ ಸಹಿ ಹಾಕಿದರು. ಆದರೆ ಪಾಠ ನಿಂತಿತು. ಎದುರು ಸಿಕ್ಕರೆ ‘ಊಟ ಆಯ್ತಾ?’ ಎನ್ನುವರು, ಆಗಿದೆಯೋ ಇಲ್ಲವೋ ಕೇಳಿಸಿಕೊಳ್ಳದೆ ಹೋಗುವರು. ಎರಡು ಮಾಸ್ಕುಗಳನ್ನೂ ಹೋಲಿಸಿ ನಾನು ಕಂಡುಹಿಡಿದದ್ದು ಇಷ್ಟು: ಎರಡೂ ಹೆಚ್ಚುಕಡಿಮೆ ಒಂದೇ ಥರ ಕೂರುತ್ತವೆ, ಜೆಲ್ಲಿನದು ಗಂಟಲಿಗೆ ಕೊಂಚ ಮೃದು, ಗಾಳಿಯದನ್ನು ಅಳೆದು ತುಂಬಿದರೆ ಅದೂ ಮೃದುವೇ. ಪರೀಕ್ಷಕರು ಆಕಳಿಸುತ್ತ ಪಾಸು ಮಾಡಿದರು.

ಸೊಪ್ಪಿನಕ್ಕನಿಗೆ ನಡೆದದ್ದನ್ನೆಲ್ಲ ಅವರು ಮನೆಗೆ ಹೋಗುವ ದಿನವೇ ನಾನು ಹೇಳಿದ್ದೆ, ಗಾಳಿ, ರಬ್ಬರು, ನರ, ಎಲ್ಲ. ಮಾತು ತಿರ್ಗಾ ಬತ್ತದಾ ಎಂದು ಗಂಡ ಕೇಳಿದರು, ಬರಬೇಕು ಎಂದೆ. ಅಕ್ಕ ಗಾಡಿ ಬಿಡಲಿಲ್ಲ. ಕೂಗಲಾರದೆ ತಕ್ಕಡಿಯ ತಟ್ಟೆಯನ್ನು ಬಡಿಯುತ್ತ ಓಣಿಯಲ್ಲಿ ಹೋಗುವರಂತೆ, ಆ ಸದ್ದಿಗೆ ಹಳೇ ಪಾತ್ರೆಯವರು ಬಂದರೆಂದು ಜನ ಕಿಟಕಿ ಹಾಕಿಕೊಳ್ಳುವರಂತೆ. ತೋರಿಸಲು ಬಂದಾಗಲೆಲ್ಲ ಗಂಟಲಿನ ಡಾಕ್ಟರ ಹತ್ತಿರ ಮುಗಿಸಿಕೊಂಡು, ಮೇಲೆ ಬಂದು ಸರ್ ಕೋಣೆಯ ಎದುರಿನ ಬೆಂಚಿನ ಮೇಲೆ ಕೂರುತ್ತಿದ್ದರು. ನನಗೆ ಹೇಳಿದ್ದು ಒಂದೇ ಮಾತು, ಗಾಳಿಯಲ್ಲಿ: ‘ನೀವ್ ಏಳಿದ್ರಿ. ಅವ್ರು ಏಳ್ಲಿ.’ ಸರ್ ಆ ದಿನಗಳಲ್ಲಿ ಜನರೇಟರ್ ಕಡೆಯ ಮೆಟ್ಟಿಲು ಹಿಡಿಯತೊಡಗಿದರು. ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಾಳೆಂದು ಅಷ್ಟು ದೊಡ್ಡ ಡಾಕ್ಟರು ಜನರೇಟರಿನ ಹೊಗೆ ಕುಡಿದುಕೊಂಡು ಮನೆಗೆ ಹೋಗುವುದನ್ನು ನಾನು ನೋಡಿದೆ. ನಗಬೇಕಾಗಿತ್ತು. ನಗು ಬರಲಿಲ್ಲ.

ತಿಂಗಳುಗಳ ಮೇಲೆ ಧ್ವನಿ ಬಂತು. ಮೊದಲು ಒಡಕು ಬಂತು, ಆಮೇಲೆ ಗಟ್ಟಿಯಾಯಿತು. ಗಂಟಲಿನ ಡಾಕ್ಟರು ನೋಡಿ ಇನ್ನು ಬರಬೇಡಿ ಎಂದ ದಿನ ಅಕ್ಕ ಮತ್ತೆ ಮೇಲೆ ಬಂದರು. ಆವತ್ತು ಸರ್‌ಗೆ ಯಾರೂ ಮುನ್ಸೂಚನೆ ಕೊಟ್ಟಿರಲಿಲ್ಲ. ಕೋಣೆಯಿಂದ ಹೊರಬರುತ್ತಲೇ ಎದುರೆದುರು ಸಿಕ್ಕರು. ನಾನು ಅವರ ಹಿಂದೆಯೇ ಫೈಲು ಹಿಡಿದು ನಿಂತಿದ್ದೆ.

‘ಬಂತು ಸಾ,’ ಎಂದರು ಅಕ್ಕ. ಪೂರಾ ಧ್ವನಿಯಲ್ಲಿ. ಕಾರಿಡಾರಿನಲ್ಲಿ ಇಬ್ಬರು ತಿರುಗಿ ನೋಡಿದರು.

ಸರ್ ಮುಖದಲ್ಲಿ ನಿಜವಾದ ಸಂತೋಷ ಕಂಡಿತು. ಅದನ್ನು ನಾನು ಇಲ್ಲವೆನ್ನಲಾರೆ, ಕಣ್ಣಲ್ಲಿ ನೀರೇ ಬಂದಿತ್ತು. ಈಗ ಹೇಳುತ್ತಾರೆ ಅಂದುಕೊಂಡೆ. ಈಗ ಹೇಳಿದರೆ ಅವರು ಕಳೆದುಕೊಳ್ಳುವುದು ಏನೂ ಇರಲಿಲ್ಲ. ಧ್ವನಿ ಮರಳಿತ್ತು, ನನ್ನ ಪರೀಕ್ಷೆ ಮುಗಿದಿತ್ತು, ಯಾರೂ ದೂರು ಕೊಟ್ಟಿರಲಿಲ್ಲ, ಎದುರಿಗಿದ್ದಾಕೆ ಹಲ್ಲು ಹೋದ ಗೌಡರಂತೆ ನಕ್ಕುಬಿಡಲು ಸಿದ್ಧವಾಗಿ ನಿಂತಿದ್ದರು. ಇಷ್ಟು ಸುಲಭದಲ್ಲಿ ನಿಜ ಹೇಳುವ ಅವಕಾಶ ನಮ್ಮ ಕೆಲಸದಲ್ಲಿ ಯಾರಿಗೂ ಸಿಗುವುದಿಲ್ಲ.

‘ನೋಡಿದ್ರಾ,’ ಎಂದರು ಸರ್, ಕನ್ನಡಕ ತೆಗೆದು ಒರೆಸುತ್ತ. ‘ಶೀತ ಅಂತ ನಾನು ಆವತ್ತೇ ಹೇಳ್ಲಿಲ್ವಾ?’

ಅಕ್ಕ ಅವರ ಮುಖ ನೋಡಿದರು. ಆಮೇಲೆ, ‘ಊಂ ಸಾ,’ ಎಂದರು.

ಸರ್ ಮೆಟ್ಟಿಲ ಕಡೆ ನಡೆದರು. ಆವತ್ತು ಮುಂಬಾಗಿಲ ಕಡೆಯ ಮೆಟ್ಟಿಲನ್ನೇ ಹಿಡಿದರು, ಹಗುರವಾಗಿ, ಮನಸ್ಸಿನ ಭಾರ ಇಳಿದವರಂತೆ. ಅವರು ಹೋಗುವುದನ್ನು ಅಕ್ಕ ನೋಡುತ್ತ ನಿಂತರು. ಇದಾದ ಕೆಲವೇ ದಿನಗಳಲ್ಲಿ ನನ್ನ ಓದು ಮುಗಿದು ನಾನು ಆ ಆಸ್ಪತ್ರೆ ಬಿಟ್ಟೆ. ಆಮೇಲೆ ಅವರನ್ನು ನೋಡಲಿಲ್ಲ, ನೋಡಲು ಹೋಗಲಿಲ್ಲ. ಅವರು ಕಲಿಸಿದ ಎಲ್ಲವನ್ನೂ ದಿನಾ ಮಾಡುತ್ತೇನೆ, ಮೀಟರ್ ಸಿಕ್ಕಿಸಿ ಮಾಡುತ್ತೇನೆ. ನನ್ನ ಕೈಯಿಂದ ಏನಾದರೂ ಆದರೆ ರೋಗಿ ಕೇಳುವ ಮುಂಚೆ ಹೋಗಿ ಹೇಳುತ್ತೇನೆ. ಹೇಳುವಾಗ ಯಾರಿಂದ ಕಲಿತೆ ಎನ್ನುವುದು ಗಂಟಲಿಗೆ ಅಡ್ಡ ಬರುತ್ತದೆ.

ಆ ದಿನ ಕಾರಿಡಾರಿನಲ್ಲಿ, ಹೊರಡುವ ಮುಂಚೆ ಅಕ್ಕ ನನ್ನ ಕಡೆ ತಿರುಗಿದರು. ನಾನು ಏನೋ ಹೇಳಲು ಬಾಯಿ ತೆರೆದೆ. ಅವರೇ ತಡೆದರು.

‘ಓಗ್ಲಿ ಬುಡಿ ಸಾ. ಅವ್ರ ಕೈಲಿ ಆಗಲ್ಲ. ಪಾಪ.’

ಪಾಪ ಎಂದರಲ್ಲ, ಧ್ವನಿ ಕಳೆದುಕೊಂಡಿದ್ದವರು ಅವರು, ಅವರಿಗೆ ಆ ಮಾತು ಹೇಳುವ ಹಕ್ಕಿದೆ. ಸುದ್ದಿ ಬಂದ ದಿನ ಸಂಜೆ ನಾನೂ ಮನೆಯಲ್ಲಿ ಒಬ್ಬನೇ ಕೂತು ಹೇಳಿ ನೋಡಿದೆ, ಪಾಪ ಎಂದು. ನನ್ನ ಸ್ವಂತ ಧ್ವನಿಯಲ್ಲಿ ಅದು ಹೊರಡಲಿಲ್ಲ.